ಕಾಸರಗೋಡಿನವರು ಬಜ್ಪೆಗೇ ಯಾಕೆ ಹೋಗುವುದು?

ಕಣ್ಣೂರಿನಲ್ಲಿ ನಿಮ್ಮದೇ ರಾಜ್ಯದ ವಿಮಾನ ನಿಲ್ದಾಣ ಇರುವಾಗ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಯಾಕೆ ಓಡುತ್ತೀರಿ ಅಂತ ಕೇಳಿದ್ದೀರಿ. ಮೊದಲು ದಾರಿ ನೋಡಿ ಮಾರಾಯ್ರೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಅಲ್ಲಿಂದ ಬಜ್ಪೆಗೆ ಇನ್ನೊಂದು 15. ಕಣ್ಣೂರಿನದ್ದು ಇರುವುದು ಮಟ್ಟನ್ನೂರಿನಲ್ಲಿ, ಅದಕ್ಕೆ ನೂರು ದಾಟಬೇಕು. ಹೊಸದುರ್ಗ, ಅಂದರೆ ಕಾಞಂಗಾಡಿನಿಂದ ತೆಂಕಲಾಗಿ ಇರುವವರು ಅತ್ತ ಹೋಗುವುದುಂಟು. ಮಂಜೇಶ್ವರ, ಉಪ್ಪಳದವರನ್ನು ಕೇಳುವುದೇ ಬೇಡ.

ಇನ್ನು, ಬಜ್ಪೆ ನಮಗೆ ಪರರಾಜ್ಯದ್ದಾದದ್ದು ಆಮೇಲೆ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದಾಗ ಬಜ್ಪೆಯೂ ಕಾಸರಗೋಡೂ ಒಂದೇ ಜಿಲ್ಲೆ. ಮದರಾಸು ರಾಜ್ಯದ ದಕ್ಷಿಣ ಕನ್ನಡ. 1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು, ಅದು ಮೈಸೂರು ರಾಜ್ಯದ್ದಾಯಿತು. ಕಣ್ಣೂರಿನಲ್ಲಿ ವಿಮಾನ ಹಾರತೊಡಗಿದ್ದು 2018ರ ಡಿಸೆಂಬರಿನಲ್ಲಿ.

ಗುಡ್ಡದ ನೆತ್ತಿಯನ್ನು ಸಪಾಟು ಮಾಡಿ ಕಟ್ಟಿದ ಜಾಗ ಬಜ್ಪೆಯದ್ದು. ಹಳೆಯ ರನ್‌ವೇ 1,615 ಮೀಟರ್ ಮಾತ್ರ. 2006ರಲ್ಲಿ 2,450 ಮೀಟರಿನ ಎರಡನೆಯದು ಬಂತು, ಅದೇ ವರ್ಷ ದುಬೈಗೆ ನೇರ ವಿಮಾನವೂ ಶುರು. ಅದಕ್ಕೆ ಮೊದಲು ಗಲ್ಫಿಗೆ ಹೋಗುವವರು ಬೊಂಬಾಯಿಯಲ್ಲೋ ಕಲ್ಲಿಕೋಟೆಯಲ್ಲೋ ವಿಮಾನ ಹತ್ತಬೇಕಿತ್ತು. ನಮ್ಮ ಊರಿನ ಅರ್ಧ ಸಂಸಾರ ಕೊಲ್ಲಿಯ ದುಡಿಮೆಯಲ್ಲಿ ನಡೆಯುವಾಗ ಇದು ಸಣ್ಣ ಸಂಗತಿಯಲ್ಲ.

2010ರ ಮೇ ತಿಂಗಳನ್ನು ಮಾತ್ರ ಇಲ್ಲಿ ಯಾರೂ ಮರೆತಿಲ್ಲ. ನಿಲ್ದಾಣದ ಕೆಂಜಾರು ಬದಿಯ ಹೊಸ ಟರ್ಮಿನಲ್ ಉದ್ಘಾಟನೆಯಾಗಿ ವಾರವಾಗಿತ್ತಷ್ಟೇ. 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇಯಲ್ಲಿ ತುಂಬ ಮುಂದೆ ನೆಲಮುಟ್ಟಿ, ನಿಲ್ಲದೆ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಸತ್ತವರಲ್ಲಿ ಕಾಸರಗೋಡಿನವರು ಬಹಳ. ಇಳಿಯುವುದು ಬೇಡ, ಮೇಲೆ ಹೋಗೋಣ ಅಂತ ಸಹಪೈಲಟ್ ಹೇಳಿದ್ದರೂ ಕ್ಯಾಪ್ಟನ್ ಮುಂದುವರಿಸಿದರೆಂದು ತನಿಖೆಯಲ್ಲಿ ಬಂತು. ಹಾಗಾಗಿ ಇಳಿಯಲು ಬಂದ ವಿಮಾನ ಮತ್ತೆ ಮೇಲೆದ್ದರೆ ನಾನಂತೂ ಗೊಣಗುವುದಿಲ್ಲ.

2020ರ ಅಕ್ಟೋಬರಿನಿಂದ ನಿಲ್ದಾಣ ಅದಾನಿಯವರ ಕೈಯಲ್ಲಿದೆ. ಒಳಗಿನ ಕಾಫಿ ಅಂಗಡಿಗಳ ಬಗ್ಗೆ ಹೇಳಲು ಏನೂ ಇಲ್ಲ, ಎಲ್ಲ ಕಡೆಯ ಹಾಗೆ ದುಬಾರಿ. ನೋಡಬೇಕಾದ್ದು ಹೊರಗೆ, ನಿರ್ಗಮನ ಬಾಗಿಲ ಎದುರು. ಒಬ್ಬರು ಹೊರಟರೆ ಮನೆಮಂದಿಯೆಲ್ಲ ಬರುತ್ತಾರೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪಕ್ಷರದಲ್ಲಿ ಹೆಸರು, ಒಳಗೆ ಉಪ್ಪಿನಕಾಯಿ, ತೆಂಗಿನೆಣ್ಣೆ, ಹಲ್ವ. ತೂಕ ಜಾಸ್ತಿಯಾಗಿ ವಾಪಸು ಬಂದದ್ದನ್ನು ಹಿಡಿದುಕೊಳ್ಳಲು ಒಬ್ಬರು ಬಾಗಿಲ ಹತ್ತಿರವೇ ನಿಂತಿರುತ್ತಾರೆ. ಒಂದೇ ಗುಂಪಿನಲ್ಲಿ ಮಲಯಾಳ, ಬ್ಯಾರಿ, ತುಳು, ಕನ್ನಡ ಎಲ್ಲ ಕೇಳುತ್ತದೆ.

ನೀವು ಬರುವುದಾದರೆ ಹೆದ್ದಾರಿಯನ್ನು ನಂಬಬೇಡಿ. ರೈಲಿನಲ್ಲಿ ಮಂಗಳೂರು ಸೆಂಟ್ರಲಿಗೆ ಬಂದು ಅಲ್ಲಿಂದ ಟ್ಯಾಕ್ಸಿ ಹಿಡಿಯಿರಿ. ಜೂನ್, ಜುಲೈಯಲ್ಲಾದರೆ ಕೈಯಲ್ಲಿ ಸಮಯ ಇಟ್ಟುಕೊಳ್ಳಿ. ಮಳೆ, ಮೋಡ ಕವಿದರೆ ಗುಡ್ಡದ ಮೇಲೆ ಏನೂ ಕಾಣದೆ ಬಂದ ವಿಮಾನ ಬೇರೆ ಕಡೆ ಹೋಗುತ್ತದೆ. ಕೆಲವೊಮ್ಮೆ ಆ ಬೇರೆ ಕಡೆ ಕಣ್ಣೂರೇ. ಆದರೆ ಖುಷಿಪಡುವ ಹಾಗಿಲ್ಲ, ಹೆಚ್ಚಾಗಿ ಸೀಟಿನಲ್ಲೇ ಕೂರಿಸಿ ಮೋಡ ಸರಿದ ಮೇಲೆ ಬಜ್ಪೆಗೇ ತಂದು ಇಳಿಸುತ್ತಾರೆ.