ವಿಭಜನೆಯ ಜೀನ್ ಕೆಟ್ಟ ಯೀಸ್ಟನ್ನು ಲ್ಯಾಬಿನಲ್ಲಿ ಸಾಕುವುದು ಹೇಗೆ?

ವಿಭಜನೆಗೆ ಬೇಕೇ ಬೇಕಾದ ಜೀನ್ ಕೆಟ್ಟರೆ ಯೀಸ್ಟ್ ಬೆಳೆಯುವುದೇ ಇಲ್ಲ, ಮತ್ತೆ ಅಂಥ ಮ್ಯುಟೆಂಟನ್ನು ಸಾಕುವುದು ಹೇಗೆ ಅಂತ ಕೇಳಿದ್ದೀರಿ. ನ್ಯೂಕ್ಲಿಯಸ್ ಎರಡಾಗುವುದೂ ಕೋಶ ಎರಡಾಗುವುದೂ ಒಂದೇ ಕೆಲಸವಾ ಅನ್ನುವುದು ಇನ್ನೊಂದು ಪ್ರಶ್ನೆ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೇನೆ. ನನಗೆ ಎರಡನೇ ಪ್ರಶ್ನೆಯೇ ಜಾಸ್ತಿ ಇಷ್ಟ.

ಮೊದಲನೆಯದು ಸುಲಭ. ಜೀನ್ ಪೂರ್ತಿ ಕೆಟ್ಟಿರುವುದಿಲ್ಲ. ಅದರ ಪ್ರೋಟೀನ್ ತಂಪಿನಲ್ಲಿ ಕೆಲಸ ಮಾಡುತ್ತದೆ, ಬಿಸಿಯಲ್ಲಿ ಕೈಕೊಡುತ್ತದೆ. ಅಮೆರಿಕದ ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಸಂಗಡಿಗರು 1970ರ ಹೊತ್ತಿಗೆ ಬೇಕರಿ ಯೀಸ್ಟಿನಲ್ಲಿ ಇಂಥವನ್ನು ಹುಡುಕಿದರು. 23 ಡಿಗ್ರಿಯಲ್ಲಿ ಸಾಕುವುದು, 36ಕ್ಕೆ ಏರಿಸಿ ನೋಡುವುದು. ಆಗುಂಬೆಯ ಮಳೆಗಾಲದಲ್ಲಿ ಚೆನ್ನಾಗಿದ್ದು, ಶಿವಮೊಗ್ಗದ ಏಪ್ರಿಲ್ ಮಧ್ಯಾಹ್ನಕ್ಕೆ ಕೈಚೆಲ್ಲುವ ಯೀಸ್ಟ್ ಅನ್ನಿ.

ಆದರೆ ಬಿಸಿಗೆ ಬೆಳೆಯದ ಮ್ಯುಟೆಂಟುಗಳು ಬೇಕಾದಷ್ಟಿರುತ್ತವೆ. ಅದರಲ್ಲಿ ವಿಭಜನೆಯದ್ದು ಯಾವುದು? ಇದನ್ನು ಹೇಳುವುದು ಮೊಗ್ಗು. ಈ ಯೀಸ್ಟಿನಲ್ಲಿ ಮರಿಕೋಶ ತಾಯಿಯ ಮೈಮೇಲೆ ಮೊಗ್ಗಾಗಿ ಮೂಡಿ ದೊಡ್ಡದಾಗುತ್ತದೆ. ಮೊಗ್ಗಿನ ಗಾತ್ರ ನೋಡಿಯೇ ಕೋಶ ಯಾವ ಹಂತದಲ್ಲಿದೆ ಅಂತ ಹೇಳಬಹುದು. ಬಿಸಿ ಮಾಡಿದಾಗ ಎಲ್ಲ ಕೋಶಗಳೂ ಒಂದೇ ಹಂತಕ್ಕೆ ಬಂದು ನಿಂತರೆ ಅದು ಸಿಡಿಸಿ (ಸೆಲ್ ಡಿವಿಷನ್ ಸೈಕಲ್, ಅಂದರೆ ಕೋಶ ವಿಭಜನೆಯ ಚಕ್ರ) ಮ್ಯುಟೆಂಟ್. ದುಬಾರಿ ಯಂತ್ರವೇನೂ ಬೇಡ, ಮೈಕ್ರೋಸ್ಕೋಪ್ ಸಾಕು. ಎಂಥ ಜಾಣತನ ಅಲ್ವಾ!

ಈಗ ಎರಡನೆಯದು. ಸಿಡಿಸಿ4 ಅನ್ನುವ ಜೀನ್ ಕೆಟ್ಟ ಕೋಶವನ್ನು ಬಿಸಿಗೆ ಇಟ್ಟರೆ ಡಿಎನ್ಎ ನಕಲಾಗುವುದಿಲ್ಲ, ನ್ಯೂಕ್ಲಿಯಸ್ ಒಂದೇ ಉಳಿಯುತ್ತದೆ. ಮೊಗ್ಗು ಮಾತ್ರ ಒಂದರ ಮೇಲೊಂದು ಬರುತ್ತಲೇ ಇರುತ್ತದೆ. ಸಿಡಿಸಿ24 ಕೆಟ್ಟರೆ ತಿರುಗಾಮುರುಗಾ: ಮೊಗ್ಗೇ ಇಲ್ಲ, ಕೋಶ ದುಂಡಗೆ ಊದಿಕೊಳ್ಳುತ್ತದೆ, ಒಳಗೆ ನ್ಯೂಕ್ಲಿಯಸ್ ಒಂದು ಎರಡಾಗಿ, ಎರಡು ನಾಲ್ಕಾಗಿ ಹೋಗುತ್ತದೆ. ಅಂದರೆ ಎರಡೂ ಬೇರೆ ಬೇರೆ ದಾರಿ. ಒಂದು ನಿಂತರೂ ಇನ್ನೊಂದು ನಡೆಯುತ್ತದೆ. ಆದರೆ ಹೊರಡುವ ಜಾಗ ಒಂದೇ, ಅದಕ್ಕೆ 'ಸ್ಟಾರ್ಟ್' ಅಂತ ಹೆಸರು. ಅಲ್ಲಿ ಸಿಡಿಸಿ28 ಕೈಕೊಟ್ಟರೆ ಮೊಗ್ಗೂ ಇಲ್ಲ, ಡಿಎನ್ಎ ನಕಲೂ ಇಲ್ಲ. ಮತ್ತೆ ಕೊನೆಯಲ್ಲಿ, ತಾಯಿ ಮರಿ ಬೇರೆಯಾಗಬೇಕಾದರೆ, ಎರಡು ದಾರಿಯೂ ಮುಗಿದಿರಬೇಕು.

ಪರೀಕ್ಷೆಗೆ ಓದುತ್ತಿದ್ದರೆ ಜೀನುಗಳ ನಂಬರುಗಳ ಮೇಲೆ ಕಣ್ಣಿಡಿ. ಇಂಗ್ಲೆಂಡಿನ ವಿಜ್ಞಾನಿ ಪಾಲ್ ನರ್ಸ್ ಇಂಥದ್ದೇ ಕೆಲಸ ಮಾಡಿದ್ದು ನಡುವೆ ಸೀಳಿ ಎರಡಾಗುವ ಇನ್ನೊಂದು ಯೀಸ್ಟಿನಲ್ಲಿ. ಅಲ್ಲಿನ ಸಿಡಿಸಿ2 ಅಂದರೆ ಬೇಕರಿ ಯೀಸ್ಟಿನ ಸಿಡಿಸಿ28. ಬೇಕರಿ ಯೀಸ್ಟಿನಲ್ಲೂ ಸಿಡಿಸಿ2 ಅಂತ ಒಂದಿದೆ, ಆದರೆ ಅದು ಡಿಎನ್ಎ ನಕಲು ಮಾಡುವ ಎಂಜೈಮಿನ ಜೀನ್. ನಮ್ಮ ಮಕ್ಕಳು ಪ್ರತಿ ವರ್ಷ ಎಡವುವುದು ಇಲ್ಲೇ.