ಓದುಗರ ಪ್ರಶ್ನೆ, ತಜ್ಞರ ಉತ್ತರ: ಭ್ರೂಣದ ಮಿದುಳಿನಲ್ಲಿ ಯಾವ ದಿನ ಯಾವ ಪ್ರೋಟೀನ್?

(ಈ ಕಂತಿನಲ್ಲಿ ಇಲಿ ಭ್ರೂಣದ ನರಕೋಶಗಳ ಪ್ರಶ್ನೆಗಳು. ‘ಮೌಸ್’ ಎಂದರೆ ಚಿಟ್ಟಿಲಿ, ‘ರ್‍ಯಾಟ್’ ಎಂದರೆ ದೊಡ್ಡ ಜಾತಿಯ ಬಿಳಿ ಇಲಿ. ‘ಇ18’ ಎಂದರೆ ಗರ್ಭದ 18ನೇ ದಿನ.)

ಪ್ರಶ್ನೆ: ಇ18 ರ್‍ಯಾಟ್ ಮಿದುಳಿನ ಲೈಸೇಟ್‌ನಲ್ಲಿ (ಕೋಶ ಒಡೆದು ತೆಗೆದ ದ್ರಾವಣ) ನರಕೋಶದ ಮ್ಯಾಪ್2 ಪ್ರೋಟೀನಿಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದಂತೆ ಬೇರ್ಪಡಿಸಿ, ಮೆಂಬ್ರೇನಿಗೆ ಸಾಗಿಸಿ, ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡಿದೆ. 280 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಬರಬೇಕಾದ ಬ್ಯಾಂಡ್ ಮಸುಕು, 70ರ ಹತ್ತಿರ ದಪ್ಪ ಬ್ಯಾಂಡ್. ಆಂಟಿಬಾಡಿ ಕೆಟ್ಟಿದೆಯೇ, ಪ್ರೋಟೀನ್ ತುಂಡಾಗಿದೆಯೇ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಎರಡೂ ಅಲ್ಲದಿರಬಹುದು. ಒಂದೇ ಜೀನ್ ಬೇರೆ ಬೇರೆ ರೀತಿ ಕತ್ತರಿಸಿ ಜೋಡಣೆಯಾಗುವುದರಿಂದ ಮ್ಯಾಪ್2 ಹಲವು ರೂಪಗಳಲ್ಲಿ ಬರುತ್ತದೆ. 2ಎ ಮತ್ತು 2ಬಿ ಸುಮಾರು 280, 2ಸಿ ಸುಮಾರು 70 ಕಿಲೋಡಾಲ್ಟನ್. ಭ್ರೂಣದಲ್ಲಿರುವುದು ಮುಖ್ಯವಾಗಿ 2ಬಿ ಮತ್ತು 2ಸಿ. ಮರಿ ಹುಟ್ಟಿ ಎರಡು-ಮೂರು ವಾರವಾಗುವಷ್ಟರಲ್ಲಿ ಮಿದುಳಿನ ಬಹುಭಾಗದಲ್ಲಿ 2ಸಿ ಇಳಿದು 2ಎ ಕಾಣಿಸಿಕೊಳ್ಳುತ್ತದೆ. ಆದ್ದರಿಂದ 70ರ ಬ್ಯಾಂಡ್ ನಿಮ್ಮ ವಯಸ್ಸಿನ ಮಾದರಿಗೆ ಸರಿಯಾದದ್ದೇ.

ಆದರೂ ಪರೀಕ್ಷಿಸದೆ ನಂಬಬೇಡಿ. ಪಕ್ಕದ ಲೇನ್‌ನಲ್ಲಿ (ಜೆಲ್ಲಿನ ಸಾಲಿನಲ್ಲಿ) ಬೆಳೆದ ರ್‍ಯಾಟಿನ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಲೈಸೇಟನ್ನು ಅಷ್ಟೇ ಪ್ರಮಾಣದಲ್ಲಿ, 15–20 ಮೈಕ್ರೋಗ್ರಾಂ, ಹಾಕಿ. ಅಲ್ಲಿ 280 ಗಟ್ಟಿಯಾಗಿ ಬಂದು 70 ಕ್ಷೀಣಿಸಿದ್ದರೆ ಎಲ್ಲವೂ ನೆಟ್ಟಗಿದೆ. ಎರಡೂ ಲೇನ್‌ಗಳಲ್ಲಿ ಏಣಿಯ ಮೆಟ್ಟಿಲಿನಂತೆ ಬ್ಯಾಂಡ್‌ಗಳಿದ್ದರೆ ಅದು ಕೊಳೆತ. ಕ್ಯಾಲ್ಸಿಯಂ ಸಿಕ್ಕೊಡನೆ ಚುರುಕಾಗುವ ಕ್ಯಾಲ್ಪೇನ್ ಕಿಣ್ವಕ್ಕೆ ಮ್ಯಾಪ್2 ಬಲು ಸುಲಭದ ತುತ್ತು. ಮಿದುಳನ್ನು ಐಸ್ ಮೇಲೆಯೇ ಬಿಡಿಸಿ, ಲೈಸಿಸ್ ಬಫರ್‌ಗೆ ಪ್ರೋಟಿಯೇಸ್ ತಡೆಗಳ ಜೊತೆ ಕ್ಯಾಲ್ಸಿಯಂ ಹಿಡಿದಿಡುವ ಇಜಿಟಿಎ ಕೂಡ ಸೇರಿಸಿ. 280 ಮಾತ್ರ ಎರಡರಲ್ಲೂ ಮಸುಕಾಗಿದ್ದರೆ ತಪ್ಪು ಟ್ರಾನ್ಸ್‌ಫರ್‌ನದು (ಜೆಲ್ಲಿನಿಂದ ಮೆಂಬ್ರೇನಿಗೆ ಸಾಗಿಸುವ ಹಂತ): ಅಷ್ಟು ದೊಡ್ಡ ಪ್ರೋಟೀನ್ 10–12% ಜೆಲ್ಲಿನಿಂದ ಹೊರಬರಲು ಒದ್ದಾಡುತ್ತದೆ. 6–7% ಜೆಲ್ ಹಾಕಿ, ಟ್ರಾನ್ಸ್‌ಫರ್ ಬಫರ್‌ನ ಮೆಥನಾಲನ್ನು 20%ರಿಂದ 10%ಕ್ಕೆ ಇಳಿಸಿ, 30 ವೋಲ್ಟ್‌ನಲ್ಲಿ ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ ನಡೆಸಿ. ಆಂಟಿಬಾಡಿಯ ಕ್ಲೋನ್ ಹೆಸರನ್ನೂ (ಅದನ್ನು ತಯಾರಿಸುವ ಕೋಶವಂಶದ ಹೆಸರು) ನೋಡಿಕೊಳ್ಳಿ. ಎಚ್‌ಎಂ-2 ಮೂರೂ ರೂಪಗಳನ್ನು ಹಿಡಿಯುತ್ತದೆ; ಎಪಿ-20 ಹಿಡಿಯುವುದು ದೊಡ್ಡವೆರಡನ್ನು ಮಾತ್ರ. ಎಪಿ-20 ಬಳಸಿ ‘ಭ್ರೂಣದಲ್ಲಿ ಮ್ಯಾಪ್2 ಕಡಿಮೆ’ ಎಂದು ಬರೆದರೆ ಅರ್ಧ ಸತ್ಯವಾಗುತ್ತದೆ.

ಇನ್ನೊಂದು ಮಾತು, ನೀವು ಕೇಳಿಲ್ಲವಾದರೂ. ಇ12, ಇ15, ಇ18 ಹೋಲಿಸುವಾಗ ಬೀಟಾ-3 ಟ್ಯೂಬುಲಿನನ್ನು ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗಳಿಗೂ ಸಮ ಪ್ರಮಾಣ ಹಾಕಿದೆಯೇ ಎಂದು ನೋಡುವ ಅಳತೆಗೋಲು) ಮಾಡಬೇಡಿ. ಅದು ನರಕೋಶಗಳದೇ ಗುರುತು. ನರಕೋಶಗಳ ಪಾಲು ಹೆಚ್ಚಿದಂತೆ ತಾನೂ ಏರುತ್ತದೆ. ಮೆಂಬ್ರೇನಿಗೆ ಪಾನ್ಸೋ ಬಣ್ಣ ಹಾಕಿ ಲೇನಿನ ಒಟ್ಟು ಪ್ರೋಟೀನಿಗೆ ಹೋಲಿಸುವುದೇ ಮೇಲು. ಬ್ಯಾಂಡ್ ದಪ್ಪವಾದರೆ ಪ್ರತಿ ಕೋಶದಲ್ಲೂ ಪ್ರೋಟೀನ್ ಹೆಚ್ಚಿತೆಂದಲ್ಲ, ಆ ಬಗೆಯ ಕೋಶಗಳೇ ಹೆಚ್ಚಿರಬಹುದು. ಯಾವುದೆಂದು ಬ್ಲಾಟ್ ಹೇಳುವುದಿಲ್ಲ. ಮಿದುಳಿನ ತೆಳು ಹೋಳು (ಸೆಕ್ಷನ್) ಕತ್ತರಿಸಿ ಬಣ್ಣ ಹಾಕಿ ನೋಡಬೇಕು.

ಪ್ರಶ್ನೆ: ನಮ್ಮ ‘ಇ14’ ಮೌಸ್‌ಗೂ ಪ್ರಕಟಿತ ಲೇಖನಗಳ ‘ಇ14’ಕ್ಕೂ ಫಲಿತಾಂಶ ಹೊಂದುತ್ತಿಲ್ಲ. ಏಕೆ?
– ಬೆಂಗಳೂರು

ಉತ್ತರ: ಎಣಿಕೆ ಶುರುಮಾಡುವ ದಿನ ಬೇರೆ ಇರಬೇಕು. ಯೋನಿಯಲ್ಲಿ ಪ್ಲಗ್ (ಕೂಡಿಕೆಯ ಗುರುತಾದ ಗಟ್ಟಿ ಮುಚ್ಚಳ) ಕಂಡ ಬೆಳಗ್ಗೆಯನ್ನು ಕೆಲವರು 0 ಎನ್ನುತ್ತಾರೆ, ಕೆಲವರು 0.5, ಕೆಲವರು 1. ಕಾರ್ಟೆಕ್ಸ್‌ನಲ್ಲಿ ಒಂದು ದಿನದ ಅಂತರ ಸಣ್ಣದಲ್ಲ: ಮೌಸ್‌ನಲ್ಲಿ ಇ12.5ರ ಸುಮಾರಿಗೆ ಹುಟ್ಟುವ ಕೋಶಗಳು ಆಳದ ಪದರ ಸೇರಿ ಟಿಬಿಆರ್1, ಸಿಟಿಪ್2 ಎಂಬ ಗುರುತು ಪ್ರೋಟೀನುಗಳನ್ನು ತೋರಿಸುತ್ತವೆ. ಇ15ರ ಸುಮಾರಿನವು ಮೇಲಿನ ಪದರಕ್ಕೆ ಹೋಗುತ್ತವೆ, ಅಲ್ಲಿ ಸ್ಯಾಟ್‌ಬಿ2 ಹೆಚ್ಚು. ಕ್ಯಾಲೆಂಡರಿನ ಜೊತೆ ಭ್ರೂಣವನ್ನೂ ನೋಡಿ. ಸುಮಾರು 14ನೇ ದಿನಕ್ಕೆ ಮುಂಗಾಲಿನ ಬೆರಳ ತುದಿಗಳು ಬಿಡಿಯಾಗಿರುತ್ತವೆ, 15ಕ್ಕೆ ಹಿಂಗಾಲಿನವೂ. ರ್‍ಯಾಟ್ ಭ್ರೂಣ ಮೌಸ್‌ಗಿಂತ ಒಂದೂವರೆ-ಎರಡು ದಿನ ಹಿಂದೆ ನಡೆಯುತ್ತದೆ; ಇ18 ರ್‍ಯಾಟನ್ನು ಇ16ರ ಆಸುಪಾಸಿನ ಮೌಸ್ ಜೊತೆ ಹೋಲಿಸಿ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೂ ದಿನದ ಎಣಿಕೆ ಹೇಗೆಂದು ಬರೆದಿಡಿ.

ಪ್ರಶ್ನೆ: ಇ18 ರ್‍ಯಾಟ್ ಹಿಪ್ಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಕೋಶಗಳ ಕಲ್ಚರ್‌ನಲ್ಲಿ ಮೂರನೇ ದಿನಕ್ಕೆ ಕೋಶಗಳು ಗುಂಪುಗಟ್ಟುತ್ತವೆ, ಹತ್ತನೇ ದಿನಕ್ಕೆ ಗ್ಲಿಯಾ (ನರಕೋಶಗಳ ಆಸರೆ ಕೋಶಗಳು) ತುಂಬಿಕೊಳ್ಳುತ್ತದೆ. ಎರಡನೇ ದಿನ ಆಕ್ಸಾನಿನಲ್ಲೂ (ಸಂಕೇತ ಒಯ್ಯುವ ಉದ್ದ ಚಾಚು) ಮ್ಯಾಪ್2 ಕಂಡಿತು, ಪಿಎಸ್‌ಡಿ-95 ಕಾಣಲೇ ಇಲ್ಲ.
– ಧಾರವಾಡ

ಉತ್ತರ: ಮೊದಲೆರಡು ಕೈಯ ತಪ್ಪು, ಉಳಿದವು ತಪ್ಪೇ ಅಲ್ಲ.

ಗುಂಪುಗಟ್ಟುವುದಕ್ಕೆ ಬಹುತೇಕ ಕಾರಣ ಗಾಜಿನ ಲೇಪನ. ಕವರ್‌ಸ್ಲಿಪ್ಪನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಚೆನ್ನಾಗಿ ತೊಳೆದು, ಪಿಎಚ್ 8.5ರ ಬೋರೇಟ್ ಬಫರ್‌ನಲ್ಲಿ ಮಿ.ಲೀ.ಗೆ 0.1 ಮಿ.ಗ್ರಾಂ. ಪಾಲಿ-ಲೈಸಿನ್ ಬೆರೆಸಿ ರಾತ್ರಿಯಿಡೀ ಬಿಡಿ. ಬಳಿಕ ಸ್ಟೆರೈಲ್ ನೀರಿನಲ್ಲಿ ಮೂರು ಬಾರಿ ತೊಳೆಯಲೇಬೇಕು. ಗಾಜಿಗೆ ಅಂಟದೆ ಉಳಿದ ಪಾಲಿ-ಲೈಸಿನ್ ಕೋಶಗಳಿಗೆ ವಿಷ. ಕೋಶ ಬಿಡಿಸುವಾಗಲೇ ಲೋಳೆಯ ಎಳೆ ಕಂಡರೆ ಅದು ಸತ್ತ ಕೋಶಗಳ ಡಿಎನ್‌ಎ, ಅದನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವ ಹಾಕಿ. ಬಾಯಿಯನ್ನು ಜ್ವಾಲೆಯಲ್ಲಿ ನಯಗೊಳಿಸಿದ ಪಾಶ್ಚರ್ ಪಿಪೆಟ್ಟಿನಲ್ಲಿ 10–15 ಸಲ ಎಳೆದು ಬಿಟ್ಟರೆ ಸಾಕು. ನೊರೆ ಬಂತೆಂದರೆ ಕೋಶ ಸತ್ತವೆಂದೇ ಲೆಕ್ಕ.

ಗ್ಲಿಯಾಗೆ ಸೀರಂ ಎಂದರೆ ಹಬ್ಬದೂಟ. ಸೀರಂ ಇರುವ ಮಾಧ್ಯಮದಲ್ಲಿ ನಾಲ್ಕು ಗಂಟೆ ಕೂರಿಸಿ, ನಂತರ 2% ಬಿ27 ಪೂರಕ ಇರುವ ನ್ಯೂರೋಬೇಸಲ್ ಮಾಧ್ಯಮಕ್ಕೆ ಬದಲಿಸಿ. ಮೂರನೇ ದಿನ ಕೋಶ ವಿಭಜನೆ ತಡೆಯುವ ಅರಾ-ಸಿ, 1–2 ಮೈಕ್ರೋಮೋಲಾರ್. ಅದಕ್ಕಿಂತ ಹೆಚ್ಚಾದರೆ ನರಕೋಶಗಳೂ ನರಳುತ್ತವೆ. ಮಾಧ್ಯಮವನ್ನು ಪೂರ್ತಿ ಬದಲಿಸದೆ ಪ್ರತಿ ಸಲ ಅರ್ಧ ಮಾತ್ರ ಬದಲಿಸಿ.

ಇನ್ನು ಮ್ಯಾಪ್2. ಒಂದರಿಂದ ಒಂದೂವರೆ ದಿನದಲ್ಲಿ ಒಂದು ಚಾಚು ಉದ್ದವಾಗಿ ಆಕ್ಸಾನ್ ಆಗುತ್ತದೆ. ಆಗಿನ್ನೂ ಮ್ಯಾಪ್2 ಎಲ್ಲ ಚಾಚುಗಳಲ್ಲೂ ಹರಡಿರುತ್ತದೆ. ಡೆಂಡ್ರೈಟ್‌ಗಳು (ಸಂಕೇತ ಪಡೆಯುವ ಚಾಚುಗಳು) ಬೆಳೆಯುತ್ತ, ಮೊದಲ ವಾರ ಕಳೆಯುವಷ್ಟರಲ್ಲಿ ಅದು ಕೋಶಕಾಯ ಮತ್ತು ಡೆಂಡ್ರೈಟ್‌ಗಳಿಗೆ ಸೀಮಿತವಾಗುತ್ತದೆ. ಆಕ್ಸಾನ್ ಗುರುತಿಸಲು ಎರಡನೇ ದಿನ ಟೌ-1 ಆಂಟಿಬಾಡಿ ಬಳಸಿ. ಪಿಎಸ್‌ಡಿ-95 ಸಿನಾಪ್ಸ್‌ನ (ನರಕೋಶಗಳು ಸೇರುವ ಕೊಂಡಿಯ) ಪ್ರೋಟೀನ್. ಸ್ಪಷ್ಟ ಚುಕ್ಕಿಗಳಿಗೆ ಎರಡು ವಾರವಾದರೂ ಕಾಯಿರಿ.

ಪ್ರಶ್ನೆ: ರೇಡಿಯಲ್ ಗ್ಲಿಯಾದಲ್ಲಿ (ನರಕೋಶಗಳನ್ನು ಹುಟ್ಟಿಸುವ ಭ್ರೂಣದ ಕೋಶಗಳು) ಜಿಎಫ್‌ಎಪಿ ಪ್ರೋಟೀನ್ ಇರುತ್ತದೆ ಎಂದು ಓದಿದ್ದೇನೆ. ಇ14 ಮೌಸ್ ಸೆಕ್ಷನ್‌ನಲ್ಲಿ ಏನೂ ಹೊಳೆಯಲಿಲ್ಲ.
– ಪಿಯು ಉಪನ್ಯಾಸಕರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ಕೋತಿ-ಮನುಷ್ಯರ ಮಟ್ಟಿಗೆ ಸರಿ. ಇಲಿಗಳ ರೇಡಿಯಲ್ ಗ್ಲಿಯಾದಲ್ಲಿ ಆ ವಯಸ್ಸಿಗೆ ಜಿಎಫ್‌ಎಪಿ ಕಾಣುವಷ್ಟು ಇರುವುದಿಲ್ಲ. ಬದಲಿಗೆ ನೆಸ್ಟಿನ್ ಅಥವಾ ಬಿಎಲ್‌ಬಿಪಿ ಪ್ರೋಟೀನ್ ನೋಡಿ. ಕೋಶಕೇಂದ್ರದ ಗುರುತು ಬೇಕಿದ್ದರೆ ಪ್ಯಾಕ್ಸ್6. ಮಿದುಳನ್ನು 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ತಣ್ಣಗೆ 4–6 ಗಂಟೆ ಇಟ್ಟು, 30% ಸಕ್ಕರೆ ದ್ರಾವಣದಲ್ಲಿ ತಳ ಸೇರುವವರೆಗೆ ಬಿಟ್ಟು, 14 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ. ಪ್ಯಾಕ್ಸ್6 ಮಂಕಾಗಿದ್ದರೆ ಪಿಎಚ್ 6ರ 10 ಮಿಲಿಮೋಲಾರ್ ಸಿಟ್ರೇಟ್‌ನಲ್ಲಿ ಬಿಸಿಮಾಡಿ ಮತ್ತೆ ಬಣ್ಣ ಹಾಕಿ. ಭ್ರೂಣದ ಸೆಕ್ಷನ್ ಸ್ಲೈಡ್ ಬಿಟ್ಟು ತೇಲಿಹೋಗುವುದು ಸಾಮಾನ್ಯ, ಆದ್ದರಿಂದ ಕುದಿಯಲು ಬಿಡಬೇಡಿ.