ವಿಸ್ಪ್ಯಾಂಸ್ಕಿ ಲೇಖನ: ಮದುವೆ ಮನೆಯಿಂದ ಶುರುಮಾಡಿ

ನಮಸ್ಕಾರ,

ಪೋಲೆಂಡಿನ ಸಂಕೇತವಾದಿ ನಾಟಕಕಾರ, ಕವಿ, ಚಿತ್ರಕಾರ ಸ್ತಾನಿಸ್ವಾವ್ ವಿಸ್ಪ್ಯಾಂಸ್ಕಿ (1869–1907) ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಇಂಥ ವಿಷಯವನ್ನು ಕೈಗೆತ್ತಿಕೊಳ್ಳುವವರು ನಮ್ಮಲ್ಲಿ ಕಡಿಮೆ, ಅದು ಕೈಬಿಟ್ಟು ಹೋಗಬಾರದು. ಹಾಗಾಗಿ ಎಲ್ಲಿ ಎಡವಿದೆ ಎಂದು ಬಿಡಿಸಿಯೇ ಬರೆಯುತ್ತಿದ್ದೇವೆ.

ಮೊದಲ ನಾಲ್ಕು ಪುಟ ಬರೀ ಸಾವು ಮತ್ತು ಕಾಯಿಲೆ. ಏಳರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡದ್ದು, ಸಿಫಿಲಿಸ್, 38ಕ್ಕೇ ಮುಗಿದ ಬದುಕು, ಎಲ್ಲವೂ ನಿಜ. ಆದರೆ ಆತ ಏನು ಬರೆದ ಎಂಬುದು ಓದುಗನಿಗೆ ಸಿಗುವುದು ಐದನೇ ಪುಟದಲ್ಲಿ. ಕಾಯಿಲೆ ಆತನ ಬರವಣಿಗೆ ಯಾಕೆ ಬೇಗ ನಿಂತಿತು ಎಂದು ಹೇಳುತ್ತದೆ, ಯಾಕೆ ಹಾಗೆ ಬರೆದ ಎಂದು ಹೇಳುವುದಿಲ್ಲ. ಆ ನಾಲ್ಕು ಪುಟವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಲೇಖನದ ಕೊನೆಯ ಭಾಗಕ್ಕೆ ತಳ್ಳಿ.

ಎರಡು ತಪ್ಪುಗಳನ್ನು ತಿದ್ದಲೇಬೇಕು. ‘ಮದುವೆ’ (ವೆಸೆಲೆ) ನಾಟಕದ ಮದುಮಗ ವಿಸ್ಪ್ಯಾಂಸ್ಕಿಯೇ ಎಂದು ಬರೆದಿದ್ದೀರಿ. ಆತನೂ 1900ರಲ್ಲೇ ರೈತ ಹೆಣ್ಣುಮಗಳನ್ನು ಮದುವೆಯಾದದ್ದರಿಂದ ಈ ಗೊಂದಲ ಆಗಿರಬೇಕು. ನಾಟಕಕ್ಕೆ ಮೂಲವಾದದ್ದು ಕವಿ ಲೂಟ್ಸ್ಯಾನ್ ರಿಡೆಲ್‌ನ ಮದುವೆ: 1900ರ ನವೆಂಬರ್ 20, ಕ್ರಾಕೋವ್ ಪಕ್ಕದ ಬ್ರೊನೊವಿತ್ಸೆ ಹಳ್ಳಿಯ ಹುಡುಗಿ ಯದ್ವಿಗಾ ಜೊತೆ. ವಿಸ್ಪ್ಯಾಂಸ್ಕಿ ಅಲ್ಲಿ ಅತಿಥಿ. ನಾಲ್ಕು ತಿಂಗಳೂ ತುಂಬುವ ಮೊದಲು, 1901ರ ಮಾರ್ಚ್ 16ರಂದು, ನಾಟಕ ಕ್ರಾಕೋವ್‌ನ ರಂಗಮಂದಿರದಲ್ಲಿತ್ತು. ಎರಡನೆಯದು, ‘ಪೋಲೆಂಡ್ ಸರ್ಕಾರ’ ಎಂಬ ಮಾತು. 1795ರಿಂದ 1918ರವರೆಗೆ ಸ್ವತಂತ್ರ ಪೋಲೆಂಡ್ ಇರಲಿಲ್ಲ. ರಷ್ಯಾ, ಪ್ರಶ್ಯ, ಆಸ್ಟ್ರಿಯಾ ಅದನ್ನು ಹಂಚಿಕೊಂಡಿದ್ದವು. ಕ್ರಾಕೋವ್ ಆಗ ಆಸ್ಟ್ರಿಯಾದ ಕೈಯಲ್ಲಿತ್ತು. ರಷ್ಯಾದ ಕೈಯಲ್ಲಿದ್ದ ವಾರ್ಸಾಗಿಂತ ಅಲ್ಲಿ ಸೆನ್ಸಾರ್ ಸಡಿಲ. ಇಷ್ಟು ಹೇಳದಿದ್ದರೆ ಇಂಥ ನಾಟಕ ಅಲ್ಲೇ ಯಾಕೆ ರಂಗಕ್ಕೆ ಬಂತು ಎಂಬುದು ಓದುಗನಿಗೆ ತಿಳಿಯುವುದಿಲ್ಲ.

ಇನ್ನು ಮುಖ್ಯ ವಿಷಯ. ನೀವೊಂದು ಪಟ್ಟಿ ಮಾಡಿದ್ದೀರಿ: ಚಿನ್ನದ ಕೊಂಬು ಎಂದರೆ ಸ್ವಾತಂತ್ರ್ಯ, ಹುಲ್ಲಿನ ಬೊಂಬೆ ಎಂದರೆ ಜಡತೆ, ವಿದೂಷಕನ ಪ್ರೇತ ಎಂದರೆ ಆತ್ಮಸಾಕ್ಷಿ. ಈ ಪಟ್ಟಿ ನಾಟಕವನ್ನು ಕೊಂದುಹಾಕುತ್ತದೆ. ಅರ್ಥ ಹೇಳುವ ಮೊದಲು ವಸ್ತುವನ್ನು ತೋರಿಸಿ. ನೀವು ‘ಬೊಂಬೆ’ ಎಂದದ್ದು ಬೊಂಬೆಯೇ ಅಲ್ಲ; ಚಳಿಗಾಲದ ಹಿಮ ತಾಗದಿರಲೆಂದು ಹುಲ್ಲು ಸುತ್ತಿ ಕಟ್ಟಿದ ಗುಲಾಬಿ ಗಿಡ. ಒಳಗೆ ಜೀವ ಇದೆ, ವಸಂತಕ್ಕೆ ಚಿಗುರುತ್ತದೆ. ಅದನ್ನು ‘ಜಡತೆ’ ಎಂದು ಮುಚ್ಚಿಬಿಟ್ಟರೆ ಅರ್ಧ ಅರ್ಥ ಹೋಯಿತು. ಕೊಂಬು ಕಳೆದುಹೋಗುವ ರೀತಿಯನ್ನೂ ನೀವು ಬಿಟ್ಟಿದ್ದೀರಿ. ಆ ಕೊಂಬು ಊದಿ ಊರೂರನ್ನು ದಂಗೆಗೆ ಎಬ್ಬಿಸಬೇಕಾದ ಹಳ್ಳಿ ಹುಡುಗ ಯಾಶೆಕ್, ನವಿಲುಗರಿಯ ಟೋಪಿ ಬಿತ್ತೆಂದು ಬಗ್ಗುತ್ತಾನೆ. ಕೊಂಬು ಹೋಗುತ್ತದೆ, ಕೈಯಲ್ಲಿ ಅದನ್ನು ಕಟ್ಟಿದ್ದ ಹಗ್ಗ ಉಳಿಯುತ್ತದೆ. ಕುಡುಗೋಲು ಹಿಡಿದು ಕಾದು ನಿಂತ ಜನ ಕೊನೆಗೆ ಆ ಹುಲ್ಲಿನ ಆಕೃತಿಯ ಪಿಟೀಲಿಗೆ ನಿದ್ದೆಯಲ್ಲಿದ್ದವರಂತೆ ಸುತ್ತು ಕುಣಿಯುತ್ತಾರೆ. ಇದನ್ನು ಆರೇಳು ವಾಕ್ಯಗಳಲ್ಲಿ ನೇರವಾಗಿ ಬರೆಯಿರಿ, ವ್ಯಾಖ್ಯಾನ ಬೇಕಿಲ್ಲ.

ಮದುವೆಯ ರಾತ್ರಿ ಅಲ್ಲಿದ್ದವರಿಗೆ ಕಾಣುವ ಪ್ರೇತಗಳ ವಿಷಯದಲ್ಲಿ ಯಾರಿಗೆ ಯಾವುದು ಕಾಣುತ್ತದೆ ಎನ್ನುವುದೇ ಮುಖ್ಯ. ವಿದೂಷಕ ಸ್ತಾನ್ಚಿಕ್ ಕಾಣುವುದು ಪತ್ರಕರ್ತನಿಗೆ, ಕಪ್ಪು ವೀರ ಕವಿಗೆ, ರಕ್ತ ಮೆತ್ತಿದ ಷೇಲಾ ಮುದಿ ಭಿಕ್ಷುಕನಿಗೆ. ಈ ಷೇಲಾ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. 1846ರಲ್ಲಿ ಗಲೀಷಿಯಾದ (ಆಸ್ಟ್ರಿಯಾದ ಕೈಯಲ್ಲಿದ್ದ ಪೋಲಿಷ್ ಸೀಮೆ) ರೈತರು ಜಮೀನ್ದಾರರ ಮನೆಗಳಿಗೆ ನುಗ್ಗಿ ಅವರನ್ನು ಕೊಂದಾಗ ಮುಂದಾಳಾಗಿದ್ದವನು ಆತ. ಮದುವೆ ಮನೆಗೆ ಬಂದು ಕೈ, ಬಾಯಿ ತೊಳೆಯಲು ಒಂದು ಬಕೆಟ್ ನೀರು ಕೇಳುತ್ತಾನೆ. ಮೊದಲ ಅಂಕದಲ್ಲಿ ಮದುಮಗ, ನಾವು ಎಲ್ಲವನ್ನೂ ಮರೆತಿದ್ದೇವೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ ತನ್ನ ಅಜ್ಜನನ್ನು ಗರಗಸದಿಂದ ಕೊಯ್ದರು ಎಂದೂ ಹೇಳುತ್ತಾನೆ. ಪೇಟೆಯ ಓದಿದವರೂ ಹಳ್ಳಿಯ ರೈತರೂ ಒಂದೇ ಸೂರಿನಡಿ ಕುಣಿಯುತ್ತಿರುವ ರಾತ್ರಿ ಇದು. ನಿಮ್ಮ ಲೇಖನದ ನಡುಬೆನ್ನು ಇಲ್ಲಿದೆ. ನಮ್ಮ ನವೋದಯದ ಜೊತೆ ನೀವು ಮಾಡಿರುವ ಹೋಲಿಕೆಯನ್ನು ತೆಗೆಯಿರಿ ಎನ್ನುವುದೂ ಇದಕ್ಕೇ. ಓದಿದವರ, ರೈತರ ನಡುವಿನ ಆ ಜಗಳದ ಬೇರು ಗಲೀಷಿಯಾದ ಮಣ್ಣಿನದು.

ಉದ್ಧರಣೆಗಳ ಬಗ್ಗೆ: ಮೂಲ ಬಹುಪಾಲು ಎಂಟು ಉಚ್ಚಾರಾಂಶಗಳ, ಪ್ರಾಸವಿರುವ, ಚುರುಕು ಮಾತಿನ ಸಾಲು. ಇಂಗ್ಲಿಷಿನಿಂದ ಇಳಿಸಿದ ನಿಮ್ಮ ಸಂಸ್ಕೃತಭರಿತ ಗದ್ಯದಲ್ಲಿ ರೈತ, ಕವಿ, ಪಾದ್ರಿ ಎಲ್ಲರೂ ಒಂದೇ ದನಿಯವರಾಗಿದ್ದಾರೆ. ಸಾಲುಗಳನ್ನು ತೆಗೆದು ಸಾರ ಹೇಳಿ. ಎಲ್ಲಿ ಉಳಿಸಿದರೂ ‘ಇಂಗ್ಲಿಷ್ ಮೂಲಕ’ ಎಂದು ನಮೂದಿಸಿ. ವಿಸ್ಪ್ಯಾಂಸ್ಕಿ ಎಂಬ ಹೆಸರು ನಿಮ್ಮಲ್ಲಿ ಮೂರು ರೀತಿ ಇದೆ, ಒಂದನ್ನೇ ಬಳಸಿ.

ಕ್ರಾಕೋವ್‌ನ ಫ್ರಾನ್ಸಿಸ್ಕನ್ ಚರ್ಚಿನ ಗೋಡೆಚಿತ್ರಗಳು, ಬಣ್ಣದ ಗಾಜಿನ ಕಿಟಕಿಗಳನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ವಾವೆಲ್ ಕ್ಯಾಥೆಡ್ರಲ್‌ಗೆಂದು ಆತ ಬರೆದು, ಅಲ್ಲಿ ಕೂರಿಸದೇ ಹೋದ ಕಿಟಕಿಯೊಂದರಲ್ಲಿ ಕಾಜಿಮಿಯೆಶ್ ರಾಜ ಕಿರೀಟ ತೊಟ್ಟ ಅಸ್ಥಿಪಂಜರ. ಆ ರಾಜನ ಸಮಾಧಿ ತೆರೆದದ್ದು 1869ರಲ್ಲಿ, ವಿಸ್ಪ್ಯಾಂಸ್ಕಿ ಹುಟ್ಟಿದ ವರ್ಷ. ಮೂಳೆಗಳನ್ನು ನೋಡಿ ಚಿತ್ರಿಸಿಕೊಂಡವನು ಮುಂದೆ ಈತನಿಗೆ ಗುರುವಾದ ಯಾನ್ ಮಾತೇಯ್ಕೊ. ಇದಕ್ಕೆ ಬೇರೆಯೇ ಲೇಖನ ಬೇಕು. ಈಗ ನಾಟಕದ್ದನ್ನು 1,200 ಪದಗಳೊಳಗೆ ತಿದ್ದಿ ಕಳಿಸಿ. ಕಿಟಕಿಗಳ ಲೇಖನವನ್ನು ಅದರ ನಂತರ ಬರೆಯಿರಿ, ಅದನ್ನೂ ಓದುತ್ತೇವೆ.

— ಸಂಪಾದಕರು